ಎಂಜಿನ್ನಿಲ್ಲದ ರೆಕ್ಕೆಗಳು

ಬೇಸಗೆಯಲ್ಲಿ ಹೊತ್ತು ನೆತ್ತಿಗೇರುವ ಸಮಯಕ್ಕೆ ಮಧುಗಿರಿಯ ಏಕಶಿಲಾ ಬೆಟ್ಟದ ಕಡೆಗೆ ಕಣ್ಣೆತ್ತಿ ನೋಡಿದವರಿಗೆ ಒಂದು ದೃಶ್ಯ ಕಾಣುತ್ತದೆ. ಕಾದ ಬಂಡೆಯ ಮೇಲಿನ ಬಾನಿನಲ್ಲಿ ಹದ್ದುಗಳು ರೆಕ್ಕೆಗಳನ್ನು ಅಗಲವಾಗಿ ಚಾಚಿ, ಒಮ್ಮೆಯೂ ಬಡಿಯದೆ, ಸುತ್ತು ಹಾಕುತ್ತಾ ಹಾಕುತ್ತಾ ಮೇಲಕ್ಕೆ ಏರುತ್ತವೆ. ಪಾವಗಡದ ಕೋಟೆಯ ಬೆಟ್ಟದ ಮೇಲೂ, ಕೊರಟಗೆರೆ ಸೀಮೆಯ ಸಿದ್ಧರಬೆಟ್ಟದ ಮೇಲೂ ಇದೇ ನೋಟ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಿಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳೂ ದೂರದ ಕೆರೆಗಳಿಗೆ ಮೇವಿಗೆ ಹೊರಡುವಾಗ ಹೀಗೆಯೇ ಬಿಸಿಗಾಳಿಯನ್ನು ಹಿಡಿದು ಮೇಲೇರಿ, ಅಲ್ಲಿಂದ ಜಾರುತ್ತಾ ಸಾಗುತ್ತವೆ.

ನಾನು ಈ ಸೀಮೆಯಲ್ಲಿ ಉಪಾಧ್ಯಾಯನಾಗಿದ್ದಾಗ ಒಂದು ದಿನ ವಿದ್ಯಾರ್ಥಿಯೊಬ್ಬನು ಕಿಟಕಿಯಾಚೆ ನೋಡುತ್ತಾ ಕುಳಿತಿದ್ದನು. ಪಾಠದ ಕಡೆಗೆ ಗಮನವಿಲ್ಲವೆಂದು ಗದರಿಸಿದೆ. ಅವನು ಎದ್ದುನಿಂತು, "ಸಾರ್, ಆ ಹದ್ದು ರೆಕ್ಕೇನೇ ಬಡಿಯಲ್ಲ, ಆದ್ರೂ ಮೇಲಕ್ಕೇ ಹೋಗ್ತದೆ. ಅದು ಹೆಂಗೆ?" ಎಂದು ಕೇಳಿದನು. ನಾನು ಕನ್ನಡದ ಮೇಷ್ಟರು. ಆ ಹೊತ್ತಿಗೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತಾ ಹೋದಾಗ ಅದು ನನ್ನನ್ನು ಎರಡನೆಯ ಮಹಾಯುದ್ಧದ ಕಾಲದ ಬೆಂಗಳೂರಿಗೆ, ಅಲ್ಲಿನ ಒಂದು ಕಾರ್ಖಾನೆಯಲ್ಲಿ ರೂಪುಗೊಂಡ ಎಂಜಿನ್ನಿಲ್ಲದ ವಿಮಾನವೊಂದರ ಬಳಿಗೆ ಕರೆದೊಯ್ದಿತು. ಆ ಕಥೆಯನ್ನೇ ಈ ಪಾಠದಲ್ಲಿ ನಿಮಗೆ ಹೇಳುತ್ತೇನೆ.

ಎಂಜಿನ್ನಿಲ್ಲದ ವಿಮಾನಕ್ಕೆ ಗ್ಲೈಡರ್ ಎಂದು ಹೆಸರು. ಗ್ಲೈಡರ್ ಎಂದರೆ ಜಾರಿಕೊಂಡು ಹೋಗುವಂಥದು. ತನ್ನಷ್ಟಕ್ಕೆ ತಾನು ನೆಲದಿಂದ ಮೇಲೇಳುವ ಶಕ್ತಿ ಅದಕ್ಕಿಲ್ಲ. ಬೇರೊಂದು ವಿಮಾನಕ್ಕೆ ಹಗ್ಗದಿಂದ ಕಟ್ಟಿಯೋ, ನೆಲದ ಮೇಲಿನ ರಾಟೆಯ ಯಂತ್ರದಿಂದ ಉಕ್ಕಿನ ಹುರಿಯನ್ನು ಸೆಳೆದೋ ಅದನ್ನು ಮೇಲಕ್ಕೆ ಒಯ್ಯಬೇಕು. ತಕ್ಕ ಎತ್ತರವನ್ನು ಮುಟ್ಟಿದ ಮೇಲೆ ಚಾಲಕನು ಹಗ್ಗವನ್ನು ಬಿಡಿಸಿಕೊಳ್ಳುತ್ತಾನೆ. ಅನಂತರ ಅದರ ತೂಕವೇ ಅದಕ್ಕೆ ಎಂಜಿನ್ನು. ಇಳಿಜಾರಿನಲ್ಲಿ ತುಳಿಯದೆ ಬಿಟ್ಟ ಸೈಕಲ್ಲು ಹೇಗೆ ಮುಂದಕ್ಕೆ ಓಡುತ್ತದೆಯೋ ಹಾಗೆ ಗ್ಲೈಡರು ಗಾಳಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಾ ಮುಂದಕ್ಕೆ ಸಾಗುತ್ತದೆ. ಸಾಗುವಾಗ ರೆಕ್ಕೆಗಳ ಮೇಲೆ ಕೆಳಗೆ ಹರಿಯುವ ಗಾಳಿಯು ಅದನ್ನು ಎತ್ತಿ ಹಿಡಿಯುತ್ತದೆ.

ಇದನ್ನು ನಮ್ಮ ಊರಿನ ಲೆಕ್ಕದಲ್ಲಿ ನೋಡೋಣ. ಮಧುಗಿರಿಯ ಬೆಟ್ಟದ ನೆತ್ತಿಯು ಊರಿಗಿಂತ ಸುಮಾರು 400 ಮೀಟರು ಎತ್ತರದಲ್ಲಿದೆ. ಒಂದು ಮೀಟರು ಇಳಿಯುವಷ್ಟರಲ್ಲಿ 30 ಮೀಟರು ಮುಂದೆ ಸಾಗಬಲ್ಲ ಒಳ್ಳೆಯ ಗ್ಲೈಡರೊಂದನ್ನು ಆ ಎತ್ತರದಲ್ಲಿ ಬಿಟ್ಟರೆ, ಗಾಳಿ ನಿಶ್ಚಲವಾಗಿದ್ದಲ್ಲಿ, ಅದು 12 ಕಿಲೋಮೀಟರು ಹೋಗಿ ನೆಲ ಮುಟ್ಟುತ್ತದೆ. ಕೊರಟಗೆರೆಗೆ ಇನ್ನೂ ಸ್ವಲ್ಪ ದೂರ ಉಳಿದಿರುತ್ತದೆ. ಆದರೆ ಗಾಳಿ ಎಂದೂ ನಿಶ್ಚಲವಾಗಿರುವುದಿಲ್ಲ. ಬಿಸಿಲಿಗೆ ಬಂಡೆಯೂ ಬರಡು ನೆಲವೂ ಬೇಗ ಕಾಯುತ್ತವೆ; ಹಸುರು ತೋಟವೂ ಕೆರೆಯೂ ತಡವಾಗಿ ಕಾಯುತ್ತವೆ. ಕಾದ ನೆಲದ ಮೇಲಿನ ಗಾಳಿ ಹಗುರವಾಗಿ, ಕಂಬದಂತೆ ಮೇಲೇಳುತ್ತದೆ. ಗ್ಲೈಡರು ಇಳಿಯುವ ವೇಗಕ್ಕಿಂತ ಈ ಗಾಳಿ ಏರುವ ವೇಗವು ಹೆಚ್ಚಾಗಿದ್ದರೆ, ಅದರೊಳಗೆ ಸುತ್ತು ಹಾಕುವ ಗ್ಲೈಡರು ಇಳಿಯುತ್ತಲೇ ಮೇಲೇರುತ್ತದೆ! ಕೆಳಗಿಳಿಯುವ ಮೆಟ್ಟಿಲ ಮೇಲೆ ನಾವು ನಿಧಾನವಾಗಿ ಇಳಿಯುತ್ತಿರುವಾಗ ಮೆಟ್ಟಿಲುಗಳನ್ನೇ ಯಾರೋ ಬೇಗಬೇಗ ಮೇಲಕ್ಕೆತ್ತಿದಂತೆ. ಹದ್ದಿನ ಗುಟ್ಟೂ ಇದೇ. ಈ ವಿದ್ಯೆಯನ್ನು ಬಲ್ಲ ಚಾಲಕನು ಒಂದು ಬಿಸಿಗಾಳಿಯ ಕಂಬದಿಂದ ಇನ್ನೊಂದಕ್ಕೆ ದಾಟುತ್ತಾ ಕೊರಟಗೆರೆಯನ್ನಷ್ಟೇ ಅಲ್ಲ, ಪಾವಗಡವನ್ನೂ ಮುಟ್ಟಬಲ್ಲನು.

ಮನುಷ್ಯನು ಮೊದಲು ಹಾರಲು ಕಲಿತದ್ದು ಗ್ಲೈಡರಿನಲ್ಲಿಯೇ. ಜರ್ಮನಿಯ ಓಟೋ ಲಿಲಿಯೆಂತಾಲನು 1891ರಿಂದ ತಾನೇ ಕಟ್ಟಿದ ರೆಕ್ಕೆಗಳನ್ನು ತೊಟ್ಟು ಗುಡ್ಡಗಳಿಂದ ಸಾವಿರಾರು ಬಾರಿ ಜಾರಿದನು. 1896ರಲ್ಲಿ ಹಾಗೆ ಹಾರುವಾಗಲೇ ಬಿದ್ದು ಪ್ರಾಣ ಬಿಟ್ಟನು. ಅಮೆರಿಕದ ರೈಟ್ ಸಹೋದರರು 1900ರಿಂದ 1902ರವರೆಗೆ ಗ್ಲೈಡರುಗಳಲ್ಲಿ ಅಭ್ಯಾಸ ಮಾಡಿದ ಮೇಲೆಯೇ 1903ರ ಡಿಸೆಂಬರ್ 17ರಂದು ಎಂಜಿನ್ ಇಟ್ಟ ವಿಮಾನವನ್ನು ಹಾರಿಸಿದರು. ಒಂದನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ 1919ರ ವರ್ಸೇಲ್ಸ್ ಒಪ್ಪಂದವು ಯುದ್ಧವಿಮಾನಗಳ ವಿಷಯದಲ್ಲಿ ಕಟ್ಟುನಿಟ್ಟಾದ ನಿರ್ಬಂಧಗಳನ್ನು ಹೇರಿತು. ಅಲ್ಲಿನ ತರುಣರು ಎಂಜಿನ್ನಿಲ್ಲದ ವಿಮಾನಗಳ ಕಡೆಗೆ ತಿರುಗಿದರು. 1920ರಿಂದ ವಾಸರ್‌ಕುಪ್ಪೆ ಎಂಬ ಬೆಟ್ಟದ ಮೇಲೆ ಗ್ಲೈಡರ್ ಸ್ಪರ್ಧೆಗಳು ನಡೆದವು. ಆಟವಾಗಿ ಮೊದಲಾದದ್ದು ಶಾಸ್ತ್ರವಾಗಿ ಬೆಳೆಯಿತು. ಮುಂದೆ ಅದೇ ಶಾಸ್ತ್ರವು ಶಸ್ತ್ರವಾಯಿತು.

1940ರ ಮೇ 10ರ ಬೆಳಗಿನ ಜಾವ ಬೆಲ್ಜಿಯಂ ದೇಶದ ಎಬನ್ ಎಮೇಲ್ ಎಂಬ ಕೋಟೆಯ ಮೇಲೆ ಜರ್ಮನಿಯ ಗ್ಲೈಡರುಗಳು ಇಳಿದವು. ಆ ಕೋಟೆಯನ್ನು ಅಭೇದ್ಯವೆಂದು ತಿಳಿಯಲಾಗಿತ್ತು. ಅದರ ಫಿರಂಗಿಗಳೆಲ್ಲ ನೆಲದ ಮೇಲೆ ಬರುವ ಶತ್ರುವಿಗಾಗಿ ಕಾದಿದ್ದವು. ಗ್ಲೈಡರಿಗೆ ಎಂಜಿನ್ನಿನ ಸದ್ದಿಲ್ಲ. ಆದ್ದರಿಂದ ಶತ್ರು ನೆತ್ತಿಯ ಮೇಲೆ ಬಂದು ಇಳಿಯುವವರೆಗೂ ಕಾವಲಿನವರಿಗೆ ತಿಳಿಯಲಿಲ್ಲ. ಸುಮಾರು 80 ಮಂದಿ ಯೋಧರ ಒಂದು ತುಕಡಿಯ ದಾಳಿಗೆ ಕೋಟೆ ತತ್ತರಿಸಿ, ಮರುದಿನವೇ ಶರಣಾಯಿತು. ಈ ಸುದ್ದಿ ಎಲ್ಲ ದೇಶಗಳ ಸೇನಾಧಿಪತಿಗಳ ಕಣ್ಣು ತೆರೆಯಿಸಿತು. ಸೈನಿಕರನ್ನು ಹೊತ್ತೊಯ್ಯುವ ಗ್ಲೈಡರು ತಮಗೂ ಬೇಕೆಂದು ಬ್ರಿಟನ್ನೂ ಆಮೇಲೆ ಅಮೆರಿಕವೂ ಮುಂದಾದವು.

ಅದೇ ವರ್ಷದ ಕೊನೆಯಲ್ಲಿ ನಮ್ಮ ಬೆಂಗಳೂರಿನಲ್ಲಿ ಒಂದು ಸಾಹಸಕ್ಕೆ ತಳಹದಿ ಬಿದ್ದಿತು. ಕೈಗಾರಿಕೋದ್ಯಮಿ ವಾಲಚಂದ್ ಹೀರಾಚಂದ್ ಅವರು ಭಾರತದಲ್ಲಿಯೇ ವಿಮಾನಗಳನ್ನು ತಯಾರಿಸಬೇಕೆಂದು ಹೊರಟಾಗ ಮೈಸೂರು ಸಂಸ್ಥಾನವು ಅವರ ಕೈ ಹಿಡಿಯಿತು. ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ ಸಂಸ್ಥಾನವು 700 ಎಕರೆ ನೆಲವನ್ನೂ ಬಂಡವಾಳದಲ್ಲಿ ಪಾಲನ್ನೂ ಕೊಟ್ಟಿತು. ಶಿವನಸಮುದ್ರದ ವಿದ್ಯುತ್ತು ಇತ್ತು, ವಿದ್ವಾಂಸರ ನೆರವಿಗೆ ಭಾರತೀಯ ವಿಜ್ಞಾನ ಮಂದಿರವಿತ್ತು, ಹವೆಯೂ ಹಿತಕರವಾಗಿತ್ತು. 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಎಂಬ ಸಂಸ್ಥೆಯು ಸ್ಥಾಪನೆಯಾಯಿತು. ಆಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳೂ ಅದೇ ಸಂಸ್ಥಾನದ ತುಮಕೂರು ಜಿಲ್ಲೆಗೆ ಸೇರಿದ್ದವು. ಆದುದರಿಂದ ಈ ಕಥೆ ನಮ್ಮ ಹಿರಿಯರ ನಾಡಿನ ಕಥೆಯೂ ಹೌದು.

ಆ ಕಾರ್ಖಾನೆಯಲ್ಲಿ ಮೊದಲು ಜೋಡಣೆಯಾದವು ಅಮೆರಿಕದ ವಿಮಾನಗಳು. ಹಾರ್ಲೋ ಎಂಬ ತರಬೇತಿ ವಿಮಾನ 1941ರಲ್ಲಿಯೂ, ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ 1942ರಲ್ಲಿಯೂ ಸಿದ್ಧವಾದವು. ಇವುಗಳ ನಕ್ಷೆಗಳು ಹೊರಗಿನವು. ಕೆಲಸ ಮಾತ್ರ ನಮ್ಮವರದು. ಆದರೆ ಅದೇ ಕಾಲದಲ್ಲಿ ಕಾರ್ಖಾನೆಯ ಒಂದು ಮೂಲೆಯಲ್ಲಿ ನಕ್ಷೆಯೂ ನಮ್ಮದೇ ಆದ ಹಾರುಯಂತ್ರವೊಂದು ರೂಪ ತಳೆಯುತ್ತಿತ್ತು. ಹತ್ತು ಮಂದಿ ಕೂರಬಹುದಾದ, ಸೈನಿಕರನ್ನು ಸಾಗಿಸುವ ಗ್ಲೈಡರ್ ಅದು. ಅದಕ್ಕೆ ಜಿ-1 ಎಂದು ಹೆಸರಿಟ್ಟರು. ಅದನ್ನು ರೂಪಿಸಿದವರು ಡಾಕ್ಟರ್ ವಿ. ಎಂ. ಘಾಟಗೆ.

ಘಾಟಗೆಯವರು 1908ರಲ್ಲಿ ಹುಟ್ಟಿದವರು. ಜರ್ಮನಿಯ ಗಾಟಿಂಗನ್ ನಗರದಲ್ಲಿ, ಗಾಳಿಯ ಹರಿವಿನ ಶಾಸ್ತ್ರಕ್ಕೆ ಆಚಾರ್ಯಪುರುಷನೆನಿಸಿದ ಲುಡ್ವಿಗ್ ಪ್ರಾಂಟಲರ ಶಿಷ್ಯರಾಗಿ ಅಧ್ಯಯನ ಮಾಡಿ ಡಾಕ್ಟರೇಟ್ ಪದವಿಯನ್ನು ಪಡೆದು ಬಂದಿದ್ದರು. ವಿದ್ಯೆಯೇನೋ ಇತ್ತು, ಅದನ್ನು ಪ್ರಯೋಗಿಸಲು ಈ ದೇಶದಲ್ಲಿ ವಿಮಾನ ಕಟ್ಟುವ ಸ್ಥಳವೇ ಇರಲಿಲ್ಲ. ಬೆಂಗಳೂರಿನ ಕಾರ್ಖಾನೆ ಅವರಿಗೆ ಆ ಅವಕಾಶವನ್ನು ಕೊಟ್ಟಿತು. ಎಂಜಿನ್ನುಗಳನ್ನು ತಯಾರಿಸುವ ಸಾಮರ್ಥ್ಯ ಆಗ ನಮ್ಮ ದೇಶಕ್ಕೆ ಇರಲಿಲ್ಲ. ಎಲ್ಲವೂ ಸಮುದ್ರದಾಚೆಯಿಂದ ಬರಬೇಕು. ಗ್ಲೈಡರಿಗಾದರೋ ಎಂಜಿನ್ ಬೇಡ. ರೆಕ್ಕೆಯ ಆಕಾರ, ಬಾಲದ ಅಳತೆ, ಭಾರದ ಹಂಚಿಕೆ, ಒಡಲಿನ ಬಲ - ಇವುಗಳ ಲೆಕ್ಕಾಚಾರವೆಲ್ಲ ದೊಡ್ಡ ವಿಮಾನಕ್ಕೆ ಇರುವಂಥದೇ. ಈಜು ಕಲಿಯುವವನಿಗೆ ಊರ ಬಾವಿಯಿದ್ದಂತೆ, ವಿಮಾನವಿನ್ಯಾಸ ಕಲಿಯುವ ದೇಶಕ್ಕೆ ಗ್ಲೈಡರು. ಬೆಂಗಳೂರಿನ ಕಾರ್ಖಾನೆಯಲ್ಲಿಯೇ ವಿನ್ಯಾಸಗೊಂಡ ಮೊದಲ ಹಾರುಯಂತ್ರವೆಂಬ ಗೌರವ ಜಿ-1ಕ್ಕೆ ಸಲ್ಲುತ್ತದೆ.

ಆದರೆ ಅದು ಒಂದೇ ಒಂದು ನಿರ್ಮಾಣವಾಯಿತು. ಸಾಲುಸಾಲಾಗಿ ತಯಾರಾಗುವ ಭಾಗ್ಯ ಅದಕ್ಕೆ ಬರಲಿಲ್ಲ. ಯುದ್ಧವು ಭಾರತದ ಗಡಿಗೆ ಬಂದು ನಿಂತಿತ್ತು. 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಯಿತು. ಅದೇ ವರ್ಷ ಭಾರತ ಸರ್ಕಾರವು ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡಿತು. 1943ರಲ್ಲಿ ಅದನ್ನು ಅಮೆರಿಕದ ವಾಯುದಳಕ್ಕೆ ಒಪ್ಪಿಸಲಾಯಿತು. ಹೊಸ ವಿಮಾನಗಳನ್ನು ಕಟ್ಟುವುದಕ್ಕಿಂತ ಯುದ್ಧದಲ್ಲಿ ಗಾಯಗೊಂಡ ವಿಮಾನಗಳ ದುರಸ್ತಿಯೇ ಅಲ್ಲಿ ಮುಖ್ಯವಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ರಿಪೇರಿಗೆ ಬರುತ್ತಿದ್ದವು. ಆ ಅವಸರದಲ್ಲಿ ಒಂಟಿ ಗ್ಲೈಡರಿಗೆ ತಮ್ಮಂದಿರು ಹುಟ್ಟಲಿಲ್ಲ.

ಹಾಗೆಂದ ಮಾತ್ರಕ್ಕೆ ನಮ್ಮ ನೆಲದಿಂದ ಯುದ್ಧದ ಗ್ಲೈಡರುಗಳು ಹೊರಡಲೇ ಇಲ್ಲವೆಂದು ತಿಳಿಯಬಾರದು. ಅಮೆರಿಕದಲ್ಲಿ ವೇಕೋ ಎಂಬ ಗ್ಲೈಡರನ್ನು 13,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿದ್ದರು. ಉಕ್ಕಿನ ಕೊಳವೆಗಳ ಹಂದರ, ತೆಳು ಮರದ ಹಲಗೆ, ಮೇಲೆ ಬಟ್ಟೆಯ ಹೊದಿಕೆ; ಇಬ್ಬರು ಚಾಲಕರು, 13 ಮಂದಿ ಸೈನಿಕರು. ಭಾರ ತುಂಬಿದ ಇಂಥ ಗ್ಲೈಡರು ಒಂದು ಮೀಟರು ಇಳಿಯುವಷ್ಟರಲ್ಲಿ ಹೆಚ್ಚೆಂದರೆ ಹನ್ನೆರಡು ಮೀಟರು ಮುಂದೆ ಸಾಗೀತು. ಅದು ಹದ್ದಲ್ಲ, ರೆಕ್ಕೆ ಬಂದ ಸಾಮಾನಿನ ಗಾಡಿ. 1944ರ ಮಾರ್ಚ್ 5ರ ರಾತ್ರಿ ಅಸ್ಸಾಮಿನ ಲಾಲಾಘಾಟ್ ಎಂಬಲ್ಲಿಂದ ಡಕೋಟ ವಿಮಾನಗಳು ಎರಡೆರಡು ಗ್ಲೈಡರುಗಳನ್ನು ಹಗ್ಗದಲ್ಲಿ ಎಳೆದುಕೊಂಡು ಬೆಟ್ಟಗಳನ್ನು ದಾಟಿ ಬರ್ಮಾದ ಕಾಡಿನೊಳಕ್ಕೆ ಹೊರಟವು. ಜನರಲ್ ವಿಂಗೇಟನ ನೇತೃತ್ವದ ಚಿಂಡಿಟ್ ಎಂಬ ಸೇನಾಪಡೆಯನ್ನು ಜಪಾನೀಯರ ಬೆನ್ನ ಹಿಂದೆ ಇಳಿಸುವುದು ಉದ್ದೇಶ. ಅರವತ್ತಕ್ಕೂ ಹೆಚ್ಚು ಗ್ಲೈಡರುಗಳು ಆ ರಾತ್ರಿ ಮೇಲೆದ್ದವು. ಅವುಗಳಲ್ಲಿ ಗುರಿ ಮುಟ್ಟಿದವು ಸುಮಾರು ಅರ್ಧದಷ್ಟು ಮಾತ್ರ. ಭಾರ ಹೆಚ್ಚಾಗಿ ಕೆಲವುದರ ಹಗ್ಗ ಹರಿಯಿತು. ಬ್ರಾಡ್‌ವೇ ಎಂದು ಹೆಸರಿಟ್ಟಿದ್ದ ಬಯಲಿನಲ್ಲಿ ಹುಲ್ಲಿನ ಮರೆಯಲ್ಲಿದ್ದ ಹಳ್ಳಕೊರಕಲುಗಳಿಗೆ ಸಿಕ್ಕಿ ಮೊದಲು ಇಳಿದ ಗ್ಲೈಡರುಗಳು ಮುರಿದವು. ಹಿಂದೆ ಬಂದವು ಕತ್ತಲಲ್ಲಿ ಅವುಗಳಿಗೇ ಅಪ್ಪಳಿಸಿದವು. ಹಲವರು ಮಡಿದರು. ಎಂಜಿನ್ನಿಲ್ಲದ ವಿಮಾನಕ್ಕೆ ಮತ್ತೊಮ್ಮೆ ಮೇಲೆದ್ದು ಇನ್ನೊಂದು ಸುತ್ತು ಹಾಕಿ ಬರುವ ಅವಕಾಶವಿಲ್ಲ, ಇಳಿದದ್ದೇ ಕೊನೆ. ಆದರೂ ಉಳಿದವರು ಗ್ಲೈಡರಿನಲ್ಲಿಯೇ ತಂದಿದ್ದ ನೆಲ ಮಟ್ಟ ಮಾಡುವ ಯಂತ್ರಗಳಿಂದ ಒಂದೇ ಹಗಲಿನಲ್ಲಿ ವಿಮಾನಗಳು ಇಳಿಯುವಂಥ ಹಾದಿಯನ್ನು ಸಿದ್ಧಗೊಳಿಸಿದರು. ಮರುರಾತ್ರಿ ಡಕೋಟಗಳು ಅಲ್ಲಿ ಇಳಿದವು.

1945ರಲ್ಲಿ ಯುದ್ಧವು ಮುಗಿಯಿತು. ಅದರೊಡನೆ ಯುದ್ಧದ ಗ್ಲೈಡರಿನ ಕಾಲವೂ ಮುಗಿಯುತ್ತಾ ಬಂದಿತು. ನಿಂತಲ್ಲಿಯೇ ಮೇಲೇಳುವ, ನಿಂತಲ್ಲಿಯೇ ಇಳಿಯುವ ಹೆಲಿಕಾಪ್ಟರು ಆ ಕೆಲಸವನ್ನು ವಹಿಸಿಕೊಂಡಿತು. ಅಮೆರಿಕದಲ್ಲಿ ಉಳಿದ ವೇಕೋ ಗ್ಲೈಡರುಗಳನ್ನು ಅಗ್ಗದ ಬೆಲೆಗೆ ಮಾರಿದಾಗ, ಕೊಂಡವರಲ್ಲಿ ಎಷ್ಟೋ ಮಂದಿ ಗ್ಲೈಡರಿಗಾಗಿ ಅಲ್ಲ, ಅದನ್ನು ತುಂಬಿದ್ದ ಪೆಟ್ಟಿಗೆಗಳ ಒಳ್ಳೆಯ ಮರಕ್ಕಾಗಿ ಕೊಂಡರಂತೆ! ಸಾವಿರಾರು ಜನರನ್ನು ಹೊತ್ತೊಯ್ದ ಯಂತ್ರದ ಬೆಲೆ ಅದನ್ನು ಕಟ್ಟಿದ್ದ ಹಲಗೆಗಿಂತ ಕಡಿಮೆಯಾಯಿತು. ಯುದ್ಧಕ್ಕಾಗಿ ಮಾತ್ರ ಮಾಡಿದ ವಸ್ತುಗಳ ಗತಿ ಬಹುಮಟ್ಟಿಗೆ ಹೀಗೆಯೇ.

ಬೆಂಗಳೂರಿನ ಕಾರ್ಖಾನೆಯೂ ಯುದ್ಧಾನಂತರ ಕಷ್ಟದ ದಿನಗಳನ್ನು ಕಂಡಿತು. ವಿಮಾನದ ಕೆಲಸ ಸಾಲದಾಗಿ ರೈಲುಗಾಡಿಯ ಡಬ್ಬಿಗಳನ್ನೂ ಬಸ್ಸಿನ ಮೈಕಟ್ಟುಗಳನ್ನೂ ಅಲ್ಲಿ ತಯಾರಿಸಿದರು. ಮಿತ್ರರಾಷ್ಟ್ರದವರು ಕಾನ್ಪುರದಲ್ಲಿ ಜಖಂಗೊಳಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್ ವಿಮಾನಗಳನ್ನು 1948ರ ಸುಮಾರಿಗೆ ಹೇಗೋ ಹಾರುವಷ್ಟು ಸರಿಪಡಿಸಿ, ಬೆಂಗಳೂರಿಗೆ ತಂದು, ಹೊಸದರಂತೆ ಮಾಡಿ ನಮ್ಮ ವಾಯುಪಡೆಗೆ ಕೊಟ್ಟ ಕೀರ್ತಿಯೂ ಅಲ್ಲಿನ ಕೆಲಸಗಾರರದೇ.

ಇತ್ತ ಜಿ-1ರ ಅನುಭವ ವ್ಯರ್ಥವಾಗಲಿಲ್ಲ. ಘಾಟಗೆಯವರು 1942ರಲ್ಲಿ ವಿಜ್ಞಾನ ಮಂದಿರಕ್ಕೆ ಹೋಗಿ ಅಲ್ಲಿ ವಿಮಾನಶಾಸ್ತ್ರದ ವಿಭಾಗವನ್ನು ಕಟ್ಟಿ ಬೆಳೆಸಿದರು. ತಾವು ಕಲಿತದ್ದನ್ನು ಶಿಷ್ಯರಿಗೆ ಧಾರೆಯೆರೆದರು. ಅನಂತರ ಮತ್ತೆ ಕಾರ್ಖಾನೆಗೆ ಮರಳಿದರು. ಅವರ ಮುಂದಾಳುತನದಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ತರಬೇತಿ ವಿಮಾನವು 1951ರ ಆಗಸ್ಟಿನಲ್ಲಿ ಬೆಂಗಳೂರಿನ ಬಾನಿಗೆ ಏರಿತು. ಭಾರತೀಯ ವಾಯುಪಡೆಯ ಎಷ್ಟೋ ತಲೆಮಾರಿನ ಚಾಲಕರು ಅದರಲ್ಲಿ ಹಾರುವ ಅಕ್ಷರಾಭ್ಯಾಸ ಮಾಡಿದರು. ಪುಷ್ಪಕ್, ಕೃಷಕ್, ಕಿರಣ್ ಮುಂತಾದ ವಿಮಾನಗಳೂ ಒಂದರ ಹಿಂದೆ ಒಂದರಂತೆ ಬಂದವು.

ಗ್ಲೈಡರು ಮತ್ತೊಮ್ಮೆ ಬೆಂಗಳೂರಿಗೆ ನೆರವಾದ ಸಂದರ್ಭವೊಂದುಂಟು. 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಪ್ರಸಿದ್ಧ ವಿನ್ಯಾಸಕನು ಬಂದು, ನಮ್ಮ ಎಂಜಿನಿಯರುಗಳ ಜತೆಗೂಡಿ ಮಾರುತ ಎಂಬ ಜೆಟ್ ಯುದ್ಧವಿಮಾನದ ನಿರ್ಮಾಣಕ್ಕೆ ತೊಡಗಿದನು. ಬಾಣದಂತೆ ಹಿಂದಕ್ಕೆ ಬಾಗಿದ ರೆಕ್ಕೆಯ ಅಂಥ ವಿಮಾನವನ್ನು ಇಲ್ಲಿ ಯಾರೂ ಕಟ್ಟಿರಲಿಲ್ಲ. ಲೋಹದಲ್ಲಿ ಕಟ್ಟುವ ಮೊದಲು ಅದೇ ಗಾತ್ರದ, ಅದೇ ಆಕಾರದ ಮರದ ಗ್ಲೈಡರೊಂದನ್ನು ಮಾಡಿ 1959ರಲ್ಲಿ ಡಕೋಟ ವಿಮಾನದಿಂದ ಎಳೆಯಿಸಿ ಹಾರಿಸಿ ನೋಡಿದರು. ಗಾಳಿಯಲ್ಲಿ ಅದರ ನಡವಳಿಕೆಯನ್ನು ಅರಿತ ಬಳಿಕವೇ ನಿಜವಾದ ಮಾರುತವು 1961ರ ಜೂನ್ 17ರಂದು ಮೇಲೇರಿತು. ಬರುವಾಗ ಗುಡುಗುವ ಯುದ್ಧವಿಮಾನಕ್ಕೂ ಮೊದಲ ಪಾಠವನ್ನು ಕಲಿಸಿದ್ದು ಸದ್ದಿಲ್ಲದ ಗ್ಲೈಡರೇ ಎಂಬುದನ್ನು ಗಮನಿಸಿರಿ.

ಶಾಂತಿಯ ಕಾಲದಲ್ಲಿ ಗ್ಲೈಡರು ತನ್ನ ಮೂಲ ಸ್ವಭಾವಕ್ಕೆ, ಕಲಿಕೆಗೂ ಕ್ರೀಡೆಗೂ ಮರಳಿತು. ದೆಹಲಿಯ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರದಲ್ಲಿ ಭಾರತೀಯ ಎಂಜಿನಿಯರುಗಳು ಗ್ಲೈಡರುಗಳ ಒಂದು ಮಾಲೆಯನ್ನೇ ರಚಿಸಿದರು. ಅವುಗಳ ಹೆಸರುಗಳನ್ನು ಕೇಳಿದರೆ ನಮ್ಮ ಸೀಮೆಯ ರೈತರಿಗೆ ಸಂತೋಷವಾದೀತು: ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶಿರ, ಆರ್ದ್ರಾ. ಶಿರಾ ಪಾವಗಡಗಳ ಕಡೆ ನೆಲಗಡಲೆ ಬಿತ್ತುವವರು ಯಾವ ನಕ್ಷತ್ರಗಳ ಹೆಸರು ಹೇಳಿ ಮಳೆಯ ದಾರಿ ನೋಡುತ್ತಾರೆಯೋ ಆ ಸಾಲಿನ ಹೆಸರುಗಳೇ ಇವು! ಅಶ್ವಿನಿ 1958ರಲ್ಲಿಯೂ, ರೋಹಿಣಿ 1961ರಲ್ಲಿಯೂ, ಕಾರ್ತಿಕ್ 1963ರಲ್ಲಿಯೂ ಹಾರಿದವು. ನಿಮ್ಮಂತೆ ಶಾಲಾ ಕಾಲೇಜುಗಳಲ್ಲಿ ಓದುತ್ತಿದ್ದ ಎನ್.ಸಿ.ಸಿ. ವಾಯುವಿಭಾಗದ ಹುಡುಗ ಹುಡುಗಿಯರು ಎಷ್ಟೋ ಮಂದಿ ಮೊದಲು ನೆಲ ಬಿಟ್ಟು ಮೇಲೆದ್ದದ್ದು ಗ್ಲೈಡರುಗಳಲ್ಲಿಯೇ.

ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯು 1964ರಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಎಂಬ ಹೆಸರಿನ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ಅದರ ಹೆಲಿಕಾಪ್ಟರ್ ಕಾರ್ಖಾನೆಯೊಂದು ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿಯೇ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಯುದ್ಧದ ಗ್ಲೈಡರಿನ ಕೆಲಸವನ್ನು ಕಿತ್ತುಕೊಂಡ ಹೆಲಿಕಾಪ್ಟರು, ಜಿ-1 ಗ್ಲೈಡರನ್ನು ಕಟ್ಟಿದ ಸಂಸ್ಥೆಯಿಂದಲೇ ನಮ್ಮ ಮನೆಬಾಗಿಲಿಗೆ ಬಂದಂತಾಯಿತು.

ಈಗ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಒಂದೇ ಒಂದು ತಯಾರಾಗಿ, ಎಂದೂ ರಣರಂಗವನ್ನು ಕಾಣದ ಆ ಗ್ಲೈಡರನ್ನು ಸಫಲವೆನ್ನಬೇಕೋ ವಿಫಲವೆನ್ನಬೇಕೋ? ಸೈನಿಕರನ್ನು ಸಾಗಿಸಬೇಕೆಂಬ ಉದ್ದೇಶದಿಂದ ಅಳೆದರೆ ಅದು ಸಾರ್ಥಕವಾಗಲಿಲ್ಲ. ಅದರ ಜತೆಯ ವೇಕೋ ಗ್ಲೈಡರುಗಳು ಸಾವಿರಗಟ್ಟಲೆ ಯುದ್ಧಕ್ಕೆ ಹೋದವು, ಮುರಿದವು, ಮರೆಯಾದವು. ಜಿ-1 ಆದರೋ ಒಬ್ಬ ವಿದ್ವಾಂಸನ ಲೆಕ್ಕದ ಪುಸ್ತಕದಿಂದ ಹೊರಬಂದು ಮರ ಲೋಹಗಳ ವಸ್ತುವಾಗಿ ನಿಂತು, 'ನಾವೇ ಚಿಂತಿಸಿ ನಾವೇ ಕಟ್ಟಬಲ್ಲೆವು' ಎಂಬ ಧೈರ್ಯವನ್ನು ಪರಾಧೀನವಾಗಿದ್ದ ಒಂದು ದೇಶಕ್ಕೆ ತಂದಿತು. ಆ ಧೈರ್ಯ ಅದರೊಡನೆ ನಾಶವಾಗಲಿಲ್ಲ. ಬಿತ್ತಿದ ಕಾಳು ಮಣ್ಣಿನಲ್ಲಿ ಕಾಣದಾಗುತ್ತದೆ. ಕಾಣದಾಯಿತೆಂದು ರೈತನು ದುಃಖಿಸುವುದಿಲ್ಲ.

ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಾನು ಉತ್ತರ ಹೇಳುವಷ್ಟರಲ್ಲಿ ಆ ವರ್ಷದ ಪರೀಕ್ಷೆಯೇ ಹತ್ತಿರವಾಗಿತ್ತು. ಅವನನ್ನು ಕರೆದು ಬಿಸಿಗಾಳಿಯ ವಿಷಯವನ್ನೂ ಘಾಟಗೆಯವರ ಗ್ಲೈಡರಿನ ವಿಷಯವನ್ನೂ ತಿಳಿಸಿದೆ. ಅವನು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಸಾರ್, ಗಾಳಿ ಎಲ್ಲಿ ಏಳ್ತದೆ ಅಂತ ಹದ್ದಿಗೆ ಹೆಂಗೆ ಗೊತ್ತಾಗ್ತದೆ?" ಎಂದನು. ಈ ಸಲ ನಾನು ಗದರಿಸಲಿಲ್ಲ. ಇಬ್ಬರೂ ಕಿಟಕಿಯ ಬಳಿಗೆ ಹೋಗಿ ಬೆಟ್ಟದ ಕಡೆಗೆ ನೋಡುತ್ತಾ ನಿಂತೆವು.